ನಿವೇಶನದ ಬೆಲೆಯೂ ವಿಶ್ವವಿದ್ಯಾನಿಲಯವೂ

ಬೆಂಗಳೂರಿನ ಪೂರ್ವಭಾಗವನ್ನು ಬಲ್ಲ ವಾಚಕರಿಗೆ ಇಂದಿರಾನಗರದ ನೂರಡಿ ರಸ್ತೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಬಿನ್ನಮಂಗಲದ ಸುತ್ತಿನ ಭೂಮಿಯಲ್ಲಿ 1970ರ ದಶಕದ ಕೊನೆಯ ವೇಳೆಗೆ ಬೆಳೆದು ಬಂದ ಈ ಬಡಾವಣೆಯು ಮುಖ್ಯವಾಗಿ ವಾಸದ ಮನೆಗಳಿಗೆಂದು ಏರ್ಪಟ್ಟದ್ದು. ಅಂದು ಸಂಬಳದ ಉಳಿತಾಯದಿಂದ ಮನೆ ಕಟ್ಟಿಕೊಳ್ಳಲು ಸಾಧ್ಯವಾಗಿದ್ದ ಅದೇ ನಿವೇಶನಗಳ ಮೇಲೆ ಇಂದು ಬಟ್ಟೆಯಂಗಡಿ, ಆಭರಣದಂಗಡಿ, ಹೋಟೆಲುಗಳ ಸಾಲು ನಿಂತಿದೆ. ನಿವೇಶನದ ಉದ್ದಗಲಗಳು ಬದಲಾಗಲಿಲ್ಲ. ಅದರ ಮಣ್ಣು ಹೆಚ್ಚು ಫಲವತ್ತಾಗಲಿಲ್ಲ. ಅಡಿಯಲ್ಲಿ ಚಿನ್ನದ ಗಣಿಯೂ ದೊರೆಯಲಿಲ್ಲ. ಆದರೂ ಅದರ ಬೆಲೆ ಒಬ್ಬ ಉಪಾಧ್ಯಾಯನ ಜೀವಮಾನದ ಸಂಪಾದನೆಗೆ ಎಟುಕದಷ್ಟು ಏರಿತು. ಬೆಲೆ ಏರಿದ್ದಾದರೂ ಯಾವುದಕ್ಕೆ?

ಈ ಪ್ರಶ್ನೆಯನ್ನು ದಲ್ಲಾಳಿಯೊಬ್ಬನಲ್ಲಿ ಕೇಳಿದರೆ, 'ಡಿಮ್ಯಾಂಡು ಸ್ವಾಮಿ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅದು ಸುಳ್ಳಲ್ಲ; ಆದರೆ ಮಳೆ ಏಕೆ ಬಂದಿತೆಂದರೆ ಮೋಡ ಕವಿದುದರಿಂದ ಎಂದಷ್ಟೇ ಹೇಳಿದಂತೆ. ಮೋಡ ಕವಿಯುವ ಕಾರಣವನ್ನು ಅರಸುವುದೇ ವಿಜ್ಞಾನದ ಕೆಲಸ. ನೆಲ, ಮನೆ, ಬಾಡಿಗೆ, ಇವುಗಳ ಬೆಲೆಯನ್ನು ನಿರ್ಣಯಿಸುವ ಕಾರಣಗಳನ್ನು ಅರಸುವ ಶಾಸ್ತ್ರವೊಂದು ಉಂಟು. ಅದನ್ನು ಭೂ ಅರ್ಥಶಾಸ್ತ್ರ ಅಥವಾ ಸ್ಥಿರಾಸ್ತಿಯ ಅರ್ಥಶಾಸ್ತ್ರ ಎಂದು ಕರೆಯಬಹುದು. ರಿಯಲ್ ಎಸ್ಟೇಟ್ ವ್ಯವಹಾರದಲ್ಲಿ ಬದುಕು ಕಟ್ಟಿಕೊಳ್ಳಬೇಕೆಂದು ಆಶಿಸುವ ತರುಣರು ಈಗ ನಮ್ಮ ನಡುವೆ ಅನೇಕರಿದ್ದಾರೆ. ಅವರು ಈ ಶಾಸ್ತ್ರವನ್ನು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಬೇಕೆ? ಮಾಡುವುದಾದರೆ ಯಾವ ನಿರೀಕ್ಷೆಯಿಂದ ಮಾಡಬೇಕು? ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಎದುರು ಪಕ್ಷದವರ ಮಾತನ್ನು ಕೇಳೋಣ. ನಿವೇಶನ ಮಾರಲು ಡಿಗ್ರಿ ಏತಕ್ಕೆ ಎಂಬುದು ಅವರ ವಾದ. ಎಸ್.ಎಸ್.ಎಲ್.ಸಿ. ದಾಟದವರು ಬಡಾವಣೆಗಳನ್ನೇ ನಿರ್ಮಿಸಿದ್ದಾರೆ, ಎಂ.ಎ. ಓದಿದವರು ಅವರ ಬಳಿ ಲೆಕ್ಕ ಬರೆಯುತ್ತಿದ್ದಾರೆ. ಕಾನೂನು ಕೂಡ ಈ ವಾದಕ್ಕೆ ಒತ್ತಾಸೆಯಾಗಿಯೇ ನಿಂತಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯು, ಅಂದರೆ ಜನ ರೇರಾ ಎಂದು ಕರೆಯುವ ಕಾಯ್ದೆಯು, ನೋಂದಾಯಿತ ಯೋಜನೆಗಳಲ್ಲಿ ವ್ಯವಹರಿಸುವ ದಲ್ಲಾಳಿಗಳೂ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತೇ ಹೊರತು ಅವರಿಗೆ ಇಂಥ ವಿದ್ಯಾರ್ಹತೆ ಇರತಕ್ಕದ್ದೆಂದು ಹೇಳಲಿಲ್ಲ. ಮಹಾರಾಷ್ಟ್ರದ ಪ್ರಾಧಿಕಾರವು 2023ರಲ್ಲಿ ಒಂದು ಹೆಜ್ಜೆ ಮುಂದಿಟ್ಟು, ದಲ್ಲಾಳಿಗಳು ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವನ್ನು ತಂದಿತು. ಅದು ಒಳ್ಳೆಯ ಆರಂಭವಾದರೂ ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ಸಮನಾದುದಲ್ಲ.

ಡಿಗ್ರಿ ಇಲ್ಲದೆ ಹಣ ಗಳಿಸಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬೆಲೆಗಳು ಏರುತ್ತಲೇ ಇರುವ ಕಾಲದಲ್ಲಿ ಯಾರು ಕೊಂಡರೂ ಲಾಭ, ಯಾರು ಮಾರಿಸಿದರೂ ಕಮಿಷನ್. ಶಾಸ್ತ್ರದ ಅಗತ್ಯ ತೋರಿಬರುವುದು ಲೆಕ್ಕ ತಪ್ಪಿದಾಗ. ಲೆಕ್ಕ ಎಷ್ಟು ಸುಲಭವಾಗಿ ತಪ್ಪಬಲ್ಲುದು ಎಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇವೆ. ಕಾಗದ ಪೆನ್ಸಿಲುಗಳನ್ನು ಎದುರಿಗಿಟ್ಟುಕೊಂಡು ಓದುವುದು ಒಳಿತು.

ಒಂದು ಮನೆಗೆ ತಿಂಗಳಿಗೆ 50,000 ರೂಪಾಯಿ ಬಾಡಿಗೆ ಬರುತ್ತಿದೆಯೆನ್ನಿ. ವರ್ಷಕ್ಕೆ 6 ಲಕ್ಷ ರೂಪಾಯಿ. ಕಂದಾಯ, ರಿಪೇರಿಗಳ ಖರ್ಚನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಕೊಳ್ಳುವವನು ತನ್ನ ಹಣಕ್ಕೆ ವರ್ಷಕ್ಕೆ ನೂರಕ್ಕೆ 9ರಂತೆ ಆದಾಯ ಬೇಕೆನ್ನುತ್ತಾನೆ. ಬಾಡಿಗೆಯೊಂದೇ ಆದಾಯವಾಗಿದ್ದರೆ ಅವನು ಆ ಮನೆಗೆ ಸುಮಾರು 67 ಲಕ್ಷ ರೂಪಾಯಿಗಿಂತ ಹೆಚ್ಚು ಕೊಡಲಾರ. ಆದರೆ ಬಾಡಿಗೆಯೂ ಬೆಲೆಯೂ ವರ್ಷವರ್ಷವೂ ನೂರಕ್ಕೆ 6ರಂತೆ ಏರುವುವೆಂದು ಅವನು ನಂಬಿದ್ದಾನೆ. ಆಗ ಬಾಡಿಗೆಯಿಂದ ಬರಬೇಕಾದುದು ನೂರಕ್ಕೆ 3 ಮಾತ್ರ. ಉಳಿದ 6 ಬೆಲೆಯ ಏರಿಕೆಯಿಂದಲೇ ಬರುವುದು. 6 ಲಕ್ಷವು ನೂರಕ್ಕೆ 3 ಆಗಬೇಕಾದರೆ ಮನೆಯ ಬೆಲೆ 2 ಕೋಟಿ. ಈಗ ಅವನ ನಂಬಿಕೆಯನ್ನು ಸ್ವಲ್ಪವೇ ಕದಲಿಸಿ. ಏರಿಕೆ 6ರ ಬದಲು 5 ಎಂದಾದರೆ ಬೆಲೆ 1 ಕೋಟಿ 50 ಲಕ್ಷಕ್ಕೆ ಇಳಿಯುತ್ತದೆ. 7 ಎಂದಾದರೆ 3 ಕೋಟಿಗೆ ಜಿಗಿಯುತ್ತದೆ. ಮನೆ ಅದೇ, ಬಾಡಿಗೆಯೂ ಅದೇ. ಬದಲಾದದ್ದು ನಾಳಿನ ಬಗೆಗಿನ ನಂಬಿಕೆ. ಅದೂ ನೂರಕ್ಕೆ ಒಂದರಷ್ಟು.

ಈ ಲೆಕ್ಕವನ್ನು ಮಾಡಲು ಹೈಸ್ಕೂಲಿನ ಗಣಿತ ಸಾಕು. ಆದರೆ ಇದನ್ನು ಮಾಡದೆಯೇ ಕುಟುಂಬಗಳು ಇಪ್ಪತ್ತು ವರ್ಷಗಳ ಸಾಲವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿವೆ. 'ಭೂಮಿಯ ಬೆಲೆ ಎಂದೂ ಇಳಿಯುವುದಿಲ್ಲ' ಎಂಬ ಮಾತನ್ನು ವೇದವಾಕ್ಯದಂತೆ ಉಚ್ಚರಿಸುವವರು, ಆ ಎಂದೂ ಇಳಿಯದಿರುವ ನಂಬಿಕೆಗೂ ಸೇರಿಸಿಯೇ ಬೆಲೆ ಕೊಟ್ಟಿದ್ದೇವೆಂಬುದನ್ನು ಅರಿಯರು. ಕೊಳ್ಳುವವನಿಗೆ ಈ ಲೆಕ್ಕವನ್ನು ತಿಳಿಸಿಹೇಳಬಲ್ಲ ಒಬ್ಬ ವಿದ್ಯಾವಂತ ದಲ್ಲಾಳಿ ಊರಿಗೊಬ್ಬನಿದ್ದರೂ ಉಪಕಾರವಾದೀತು. ಅಂಥವನಿಗೆ ಕಮಿಷನ್ ಕಡಮೆಯಾಗುವುದೆಂದು ನಗುವವರು ನಗಲಿ.

ಈ ಶಾಸ್ತ್ರ ಹೊಸದೇನೂ ಅಲ್ಲ. ಇದರ ಬೇರನ್ನು ಹುಡುಕಿಕೊಂಡು ಹೋದರೆ 1817ರಲ್ಲಿ ತನ್ನ ಅರ್ಥಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದ ಡೇವಿಡ್ ರಿಕಾರ್ಡೊ ಸಿಕ್ಕುತ್ತಾನೆ. ಲಂಡನ್ನಿನ ಷೇರುಪೇಟೆಯಲ್ಲಿ ದಲ್ಲಾಳಿಯಾಗಿಯೇ ಐಶ್ವರ್ಯವನ್ನು ಗಳಿಸಿದ ಮನುಷ್ಯ ಈತ. ದಲ್ಲಾಳಿಗೆ ಶಾಸ್ತ್ರ ಏಕೆಂದು ಕೇಳುವವರು ಇದನ್ನು ಗಮನಿಸಬೇಕು. ಗೇಣಿ ಹೆಚ್ಚಾದುದರಿಂದ ಧಾನ್ಯದ ಬೆಲೆ ಹೆಚ್ಚುವುದಿಲ್ಲ, ಧಾನ್ಯದ ಬೆಲೆ ಹೆಚ್ಚಾದುದರಿಂದಲೇ ಗೇಣಿ ಹೆಚ್ಚುವುದು ಎಂದು ಆತ ತೋರಿಸಿಕೊಟ್ಟನು. ಇದನ್ನು ನೂರಡಿ ರಸ್ತೆಗೆ ಅನ್ವಯಿಸಿ ನೋಡಿ. ಮಳಿಗೆಯ ಬಾಡಿಗೆ ದುಬಾರಿಯಾದುದರಿಂದ ಅಲ್ಲಿ ಕಾಫಿ ದುಬಾರಿ ಎಂದು ಎಲ್ಲರೂ ತಿಳಿದಿರುತ್ತಾರೆ. ರಿಕಾರ್ಡೊನ ದೃಷ್ಟಿಯಲ್ಲಿ ಇದು ತಿರುಗುಮುರುಗು. ಆ ಸ್ಥಳದಲ್ಲಿ ಕುಳಿತು ಕುಡಿಯುವ ಕಾಫಿಗೆ ಅಷ್ಟು ಹಣ ಕೊಡಲು ಜನ ಸಿದ್ಧರಿರುವುದರಿಂದಲೇ ಮಳಿಗೆಯ ಒಡೆಯನು ಅಷ್ಟು ಬಾಡಿಗೆಯನ್ನು ಕೇಳಬಲ್ಲನು.

ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರಾಂತ್ಯದ ಜಮೀನುದಾರ ಫಾನ್ ಟ್ಯೂನೆನ್ 1826ರಲ್ಲಿ ಇನ್ನೊಂದು ಹೆಜ್ಜೆ ಇಟ್ಟನು. ಮಣ್ಣಿನ ಸಾರ ಎಲ್ಲೆಡೆ ಒಂದೇ ಆಗಿದ್ದರೂ ಪಟ್ಟಣದಿಂದ ಇರುವ ದೂರವೊಂದರಿಂದಲೇ ಗೇಣಿ ವ್ಯತ್ಯಾಸವಾಗುವುದೆಂದು ತನ್ನ ಜಮೀನಿನ ಲೆಕ್ಕದ ಪುಸ್ತಕಗಳಿಂದ ತೋರಿಸಿದನು. ಬೇಗ ಕೆಡುವ ಹಾಲು ತರಕಾರಿಗಳು ಪಟ್ಟಣದ ಮಗ್ಗುಲಲ್ಲಿ, ಧಾನ್ಯ ದೂರದಲ್ಲಿ, ದನ ಮೇಯುವ ಬಯಲು ಇನ್ನೂ ದೂರದಲ್ಲಿ. ಈ ವೃತ್ತಗಳನ್ನು ಪುಸ್ತಕದಲ್ಲಿ ನೋಡುವುದಕ್ಕಿಂತ ಹಲಸೂರಿನಿಂದ ಹೊರಟು ಕೆ.ಆರ್. ಪುರವನ್ನು ದಾಟಿ ಹೊಸಕೋಟೆಯ ಕಡೆಗೆ ಬಸ್ಸಿನಲ್ಲಿ ಹೋಗುತ್ತ ಕಿಟಕಿಯಿಂದ ನೋಡುವುದು ಮೇಲು. ಹೊಲಗಳು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿರುವ ರೀತಿ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. 1964ರಲ್ಲಿ ಅಮೆರಿಕದ ವಿಲಿಯಂ ಅಲೊನ್ಸೊ ಈ ತತ್ತ್ವವನ್ನು ಆಧುನಿಕ ನಗರಕ್ಕೆ ಹೊಂದಿಸಿದನು. ಅಂಗಡಿ, ಕಚೇರಿ, ಮನೆ, ಇವು ಒಂದೇ ತುಂಡು ನೆಲಕ್ಕಾಗಿ ಹರಾಜಿನಲ್ಲಿ ಕೂಗುತ್ತಿರುವಂತೆ ಭಾವಿಸಿ. ಯಾರ ಕೂಗು ದೊಡ್ಡದೋ ನೆಲ ಅವರದು. ಇಂದಿರಾನಗರದಲ್ಲಿ ಅಂಗಡಿಯ ಕೂಗು ಮನೆಯ ಕೂಗನ್ನು ಮೀರಿತು. ನಗರಯೋಜನೆಯ ನಿಯಮಗಳು ಹರಾಜಿಗೆ ಹಾಕಿದ್ದ ತಡೆ ಸಡಿಲವಾದಲ್ಲೆಲ್ಲ ಮನೆಗಳು ಮಳಿಗೆಗಳಾದುವು.

ಆದರೆ ದೂರದ ತತ್ತ್ವವನ್ನು ಅರೆಬರೆಯಾಗಿ ಕಲಿತವನು ಮೋಸಹೋಗುವನು. ಇಂದಿರಾನಗರದ ಪಕ್ಕದಲ್ಲಿಯೇ ಇದ್ದ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ದಿನನಿತ್ಯದ ಪ್ರಯಾಣಿಕ ವಿಮಾನಗಳ ಸಂಚಾರವು 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ವರ್ಗವಾಯಿತು. ನಿಲ್ದಾಣ ದೂರವಾದ ಮೇಲೆ ಬಡಾವಣೆಯ ಪ್ರಾಶಸ್ತ್ಯವೂ ಕುಂದಬೇಕೆಂದು ಯಾರಾದರೂ ಎಣಿಸಿದ್ದರೆ ಅದು ತರ್ಕಕ್ಕೆ ದೂರವಾದುದೇನಲ್ಲ. ಆದರೆ ಬಡಾವಣೆ ಕುಂದಲಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೊದ ಮೊದಲ ರೈಲು ಓಡಿತು, ಸಿ.ಎಂ.ಎಚ್. ರಸ್ತೆಯ ಮೇಲೆ ಇಂದಿರಾನಗರಕ್ಕೆ ಒಂದು ನಿಲ್ದಾಣ ಬಂದಿತು. ಹಾಗಾದರೆ ಇಂದಿನ ಬೆಲೆಗೆ ಮೆಟ್ರೊವೇ ಕಾರಣವೆ? ತಂತ್ರಾಂಶದ ಉದ್ಯೋಗಗಳೆ? ಕೋರಮಂಗಲಕ್ಕೆ ಒಳವರ್ತುಲ ರಸ್ತೆ ಕೂಡಿಸಿದುದೆ? ಅಥವಾ ಇಡೀ ಬೆಂಗಳೂರಿನಲ್ಲಿಯೇ ಬೆಲೆ ಏರಿದಾಗ ಇಲ್ಲಿಯೂ ಏರಿತಷ್ಟೆಯೆ?

ಪ್ರಯೋಗಶಾಲೆಯಲ್ಲಾದರೆ ಎರಡು ಗಾಜಿನ ನಳಿಗೆಗಳನ್ನಿಟ್ಟು, ಒಂದಕ್ಕೆ ಮಾತ್ರ ಆಮ್ಲವನ್ನು ಹಾಕಿ ನೋಡಬಹುದು. ನಗರಕ್ಕೆ ಹಾಗೆ ಮಾಡಲಾಗದು. ಆದುದರಿಂದ ಭೂ ಅರ್ಥಶಾಸ್ತ್ರಜ್ಞರು ಮೆಟ್ರೊ ಬಂದ ಬಡಾವಣೆಯನ್ನೂ, ಉಳಿದೆಲ್ಲ ವಿಷಯಗಳಲ್ಲಿ ಅದನ್ನು ಹೋಲುವ, ಆದರೆ ಮೆಟ್ರೊ ಬಾರದ ಇನ್ನೊಂದನ್ನೂ ಆರಿಸಿಕೊಂಡು, ಎರಡರಲ್ಲಿಯೂ ಮೊದಲಿನ ಬೆಲೆ ಎಷ್ಟು, ಅನಂತರದ ಬೆಲೆ ಎಷ್ಟು ಎಂದು ನೋಡುತ್ತಾರೆ. ಒಂದರ ಏರಿಕೆಯಲ್ಲಿ ಇನ್ನೊಂದರ ಏರಿಕೆಯನ್ನು ಕಳೆದರೆ ಉಳಿಯುವುದು ಮೆಟ್ರೊದ ಪಾಲು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಬೆಲೆ ಏರುವುದು ರೈಲು ಓಡಿದ ದಿನದಿಂದಲ್ಲ. ಈ ಯೋಜನೆಗೆ ಕೇಂದ್ರ ಸರ್ಕಾರದ ಅನುಮೋದನೆ ದೊರೆತದ್ದು 2006ರಲ್ಲಿ; ಕೊಳ್ಳುವವರು ಮಾರುವವರು ಅಂದಿನಿಂದಲೇ, ಒಂದು ವೇಳೆ ಅದಕ್ಕೂ ಮುಂಚೆಯೇ, ಮೆಟ್ರೊವನ್ನು ಬೆಲೆಯಲ್ಲಿ ಸೇರಿಸಲಾರಂಭಿಸಿರಬೇಕು. 2010ರ ಬೆಲೆಯನ್ನು 'ಮೊದಲಿನ ಬೆಲೆ' ಎಂದು ಹಿಡಿದವನ ಲೆಕ್ಕ ಆಗ ಬುಡದಲ್ಲಿಯೇ ಕೆಡುತ್ತದೆ. ಇನ್ನು ಕಾಮಗಾರಿ ನಡೆದ ವರ್ಷಗಳಲ್ಲಿ ಸಿ.ಎಂ.ಎಚ್. ರಸ್ತೆಯ ವರ್ತಕರು ಪಟ್ಟ ಪಾಡನ್ನು ಯಾವ ಬಾಬಿನಲ್ಲಿ ಬರೆಯಬೇಕೆಂಬುದು ಬೇರೆಯೇ ಪ್ರಶ್ನೆ. ಮೆಟ್ರೊ ಮಾರ್ಗವನ್ನು ವಿರೋಧಿಸಿ ಅವರು ಬೀದಿಗಿಳಿದಿದ್ದುದು ಹಲವರಿಗೆ ನೆನಪಿರಬಹುದು.

ಇಷ್ಟೆಲ್ಲಕ್ಕೂ ಆಧಾರವಾಗಿ ಬೇಕಾದುದು ನಿಜವಾದ ಬೆಲೆಗಳ ಪಟ್ಟಿ. ನಮ್ಮ ಮುಖ್ಯವಾದ ದೂರು ಇರುವುದು ಇಲ್ಲಿಯೇ.

ನೆಲದ ಪ್ರತಿಯೊಂದು ಮಾರಾಟವೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರವಾಗಿ ದಾಖಲಾಗುತ್ತದೆ. ಇಂಥ ಸಮೃದ್ಧವಾದ ದತ್ತಾಂಶ ಬೇರೆ ಯಾವ ಸರಕಿಗುಂಟು? ಟೊಮೇಟೊ ಮಾರುವವನು ನೋಂದಣಿ ಮಾಡಿಸುವುದಿಲ್ಲವಷ್ಟೆ. ಆದರೆ ಕ್ರಯಪತ್ರದಲ್ಲಿ ಬರೆದ ಮೊತ್ತದ ಮೇಲೆ ಮುದ್ರಾಂಕ ಶುಲ್ಕವನ್ನು ಕೊಡಬೇಕು. ಆದುದರಿಂದ ಒಂದು ಕೋಟಿಗೆ ಕೊಂಡ ನಿವೇಶನಕ್ಕೆ ಪತ್ರದಲ್ಲಿ 60 ಲಕ್ಷವೆಂದು ಬರೆಯಿಸಿ ಉಳಿದ 40 ಲಕ್ಷವನ್ನು ನಗದಾಗಿ ಕೈಬದಲಾಯಿಸುವ ಪದ್ಧತಿ ಬೇರೂರಿತು. ಇದಕ್ಕೆ ಕಡಿವಾಣ ಹಾಕಲೆಂದೇ ಸರ್ಕಾರವು ಪ್ರತಿ ಪ್ರದೇಶಕ್ಕೂ ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುತ್ತದೆ. ಕರ್ನಾಟಕದಲ್ಲಿ 2023ರ ಅಕ್ಟೋಬರಿನಿಂದ ಅದು ಪರಿಷ್ಕೃತವಾಯಿತು. ಅದರಿಂದಾದ ಪರಿಣಾಮವು ವಿಚಿತ್ರವಾದುದು. ಸತ್ಯ ಬೆಲೆ ಏನೇ ಇರಲಿ, ಪತ್ರಗಳಲ್ಲಿ ಕಾಣುವ ಬೆಲೆ ಮಾರ್ಗಸೂಚಿ ಬೆಲೆಯ ಅಂಚಿಗೆ ಬಂದು ಒತ್ತುಗೂಡಿ ನಿಲ್ಲುತ್ತದೆ. ಉಷ್ಣಮಾಪಕವನ್ನು ಯಾವ ನೀರಿನಲ್ಲಿ ಅದ್ದಿದರೂ ಒಂದೇ ಅಂಕಿಯನ್ನು ತೋರಿಸಿದರೆ ಅದರಿಂದ ಏನನ್ನು ಕಲಿಯೋಣ?

ಇದು ಸರ್ಕಾರದ ಬೊಕ್ಕಸದ ನಷ್ಟವಷ್ಟೇ ಎಂದು ಭಾವಿಸಬಾರದು. ರಸ್ತೆಗೋ ಕೈಗಾರಿಕೆಗೋ ಭೂಸ್ವಾಧೀನವಾದಾಗ ರೈತನಿಗೆ ಕೊಡುವ ಪರಿಹಾರವನ್ನು ಲೆಕ್ಕ ಹಾಕುವುದು ಇದೇ ಪತ್ರಗಳಿಂದ. 2013ರ ಕೇಂದ್ರ ಕಾಯ್ದೆಯಂತೆ, ಸುತ್ತಲಿನ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆಯ್ದು ಸರಾಸರಿ ತೆಗೆಯುತ್ತಾರೆ. ಮಾರ್ಗಸೂಚಿ ಬೆಲೆ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಹಿಡಿಯುತ್ತಾರೆ. ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನವುಂಟು. ನೆರೆಯ ಪತ್ರಗಳಲ್ಲಿ ನೂರು ಅರುವತ್ತಾಗಿದ್ದರೆ, 200 ಸಿಗಬೇಕಾಗಿದ್ದವನಿಗೆ ಸಿಗುವುದು 120. ಸುಳ್ಳು ಬರೆಯಿಸಿದವರು ಯಾರೋ ಪೇಟೆಯ ವ್ಯವಹಾರಸ್ಥರು. 80 ಕಳೆದುಕೊಂಡವನು ಆ ಪತ್ರವನ್ನು ಕಣ್ಣಿಂದಲೂ ನೋಡದ ಬೇಸಾಯಗಾರ. ನಮ್ಮ ವಿಶ್ವವಿದ್ಯಾನಿಲಯಗಳ ಅರ್ಥಶಾಸ್ತ್ರ ವಿಭಾಗಗಳು ವಿದೇಶೀ ವ್ಯಾಪಾರದ ಸಮೀಕರಣಗಳನ್ನು ಬಿಡಿಸುವುದರಲ್ಲಿ ತೋರಿಸುವ ಆಸಕ್ತಿಯ ಕಾಲುಭಾಗವನ್ನು ತಮ್ಮ ಊರಿನ ನೋಂದಣಿ ಕಚೇರಿಯ ಪುಸ್ತಕಗಳ ಕಡೆಗೆ ತೋರಿಸಿದರೆ, ಸುಳ್ಳಿನ ಪ್ರಮಾಣವನ್ನಾದರೂ ಅಳೆದು ಹೇಳಲು ಸಾಧ್ಯವಾಗುತ್ತದೆ. ಬ್ಯಾಂಕುಗಳ ಸಾಲದ ದಾಖಲೆ, ಮನೆಬಾಡಿಗೆ, ಹರಾಜಿನ ಬೆಲೆ, ಇವನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವ ವಿಧಾನಗಳು ಉಂಟು. ಕಲಿಸುವವರು ಬೇಕು.

ವಿದೇಶಗಳಲ್ಲಿ ಕಲಿಸುವವರು ಬಹುಕಾಲದಿಂದ ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಿಚರ್ಡ್ ಈಲಿ 1920ರಲ್ಲಿಯೇ ಭೂ ಅರ್ಥಶಾಸ್ತ್ರದ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದನು. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ತನ್ನ ಎಸ್ಟೇಟು ಆಡಳಿತದ ವಿಭಾಗವನ್ನು 1962ರಲ್ಲಿ ಭೂ ಅರ್ಥಶಾಸ್ತ್ರದ ವಿಭಾಗವನ್ನಾಗಿ ಮಾರ್ಪಡಿಸಿತು. ಅಲ್ಲಿ ಅರ್ಥಶಾಸ್ತ್ರ, ಕಾನೂನು, ಪರಿಸರ ಮೂರನ್ನೂ ಕೂಡಿಸಿ ಕಲಿಸುತ್ತಾರೆ. ನಮ್ಮ ದೇಶದಲ್ಲಿ ಗುಜರಾತಿನ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾನಿಲಯವು ಆಸ್ತಿಯ ಮೌಲ್ಯನಿರ್ಧಾರವನ್ನು ಸ್ನಾತಕೋತ್ತರ ವಿಷಯವನ್ನಾಗಿ ಬೋಧಿಸಿದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಈ ವಿದ್ಯೆ ಚೂರುಚೂರಾಗಿ ಹಂಚಿಹೋಗಿದೆ. ಗೇಣಿಯ ಸಿದ್ಧಾಂತ ಅರ್ಥಶಾಸ್ತ್ರದವರಲ್ಲಿ, ಕಟ್ಟಡದ ಮೌಲ್ಯನಿರ್ಧಾರ ಸಿವಿಲ್ ಇಂಜಿನಿಯರಿಂಗಿನವರಲ್ಲಿ, ಆಸ್ತಿ ಹಸ್ತಾಂತರದ ಕಾಯ್ದೆ ಲಾ ಕಾಲೇಜಿನಲ್ಲಿ. ಒಬ್ಬರು ಇನ್ನೊಬ್ಬರ ತರಗತಿಯ ಬಾಗಿಲನ್ನು ತಟ್ಟುವುದಿಲ್ಲ.

ಈ ಹಂಚಿಕೆಯ ಫಲವಾಗಿ ವಿದ್ಯಾರ್ಥಿಗೆ ಒಂದು ಪ್ರತ್ಯಕ್ಷ ತೊಡಕೂ ಉಂಟಾಗಿದೆ. ಕಾಲೇಜು ಸೇರುವ ಮೊದಲೇ ಅದನ್ನು ತಿಳಿದಿರಬೇಕು. ಕಂಪನಿಗಳ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳಂತೆ ಭೂಮಿ ಮತ್ತು ಕಟ್ಟಡಗಳ ನೋಂದಾಯಿತ ಮೌಲ್ಯನಿರ್ಧಾರಕನಾಗಬೇಕಾದರೆ ಸಿವಿಲ್ ಇಂಜಿನಿಯರಿಂಗ್, ವಾಸ್ತುಶಿಲ್ಪ, ನಗರಯೋಜನೆ ಇಂಥ ವಿಷಯಗಳಲ್ಲಿ ಪದವಿ, ಇಲ್ಲವೆ ಮೌಲ್ಯನಿರ್ಧಾರದಲ್ಲಿಯೇ ಸ್ನಾತಕೋತ್ತರ ಪದವಿ ಬೇಕು. ಜೊತೆಗೆ ಕೆಲವು ವರ್ಷಗಳ ಅನುಭವ ಬೇಕು, ಪರೀಕ್ಷೆಯೂ ಉಂಟು. ಬರಿಯ ಅರ್ಥಶಾಸ್ತ್ರದ ಬಿ.ಎ. ಪದವಿಯಿಂದ ಆ ಬಾಗಿಲು ತೆರೆಯದು. ಬೆಲೆಯ ಶಾಸ್ತ್ರವನ್ನು ಓದಿದವನಿಗೆ ಬೆಲೆ ಕಟ್ಟುವ ಅಧಿಕಾರವಿಲ್ಲವೆಂಬುದು ನಮಗೆ ಸರಿಯಾಗಿ ತೋರುವುದಿಲ್ಲ. ಆದರೆ ನಿಯಮ ಇರುವುದು ಹಾಗೆ. ಅರ್ಥಶಾಸ್ತ್ರವನ್ನೇ ಆರಿಸಿಕೊಳ್ಳುವವರು ಬ್ಯಾಂಕುಗಳ ಗೃಹಸಾಲ ವಿಭಾಗ, ನಗರಯೋಜನೆಯ ಸಂಶೋಧನೆ, ಕಟ್ಟಡ ಸಂಸ್ಥೆಗಳ ಯೋಜನಾ ವಿಭಾಗ ಇವುಗಳ ಕಡೆಗೆ ನೋಡುವುದು ಲೇಸು.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ನೆಲದ ಬೆಲೆಯನ್ನು ತಿಳಿಯಬೇಕಾದವನು ಅಲ್ಪಸ್ವಲ್ಪ ಅಳತೆಯನ್ನೂ ಕಾನೂನನ್ನೂ ನೀರಿನ ಹರಿವನ್ನೂ ತಿಳಿದಿರಲೇಬೇಕು. ಅಳತೆಯಿಂದ ಆರಂಭಿಸೋಣ. ಒಂದು ಗುಂಟೆಗೆ 1,089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಒಂದು ನಿವೇಶನ 30 ಅಡಿ ಅಗಲ 40 ಅಡಿ ಉದ್ದವಾದರೆ 1,200 ಚದರಡಿ. ಭಾಗಿಸಿದರೆ ಎಕರೆಗೆ 36 ನಿವೇಶನಗಳೆಂದು ತೋರುತ್ತದೆ. ಹೊಸಬರು ತಪ್ಪುವುದು ಇಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಂತೆ ಬಡಾವಣೆಯಲ್ಲಿ ನೂರಕ್ಕೆ 15ರಷ್ಟಾದರೂ ಉದ್ಯಾನ ಆಟದ ಬಯಲುಗಳಿಗೆ, ಮತ್ತೆ 10ರಷ್ಟಾದರೂ ನಾಗರಿಕ ಸೌಕರ್ಯಗಳಿಗೆ ಬಿಡಬೇಕು. ರಸ್ತೆಗಳಿಗೆ ಇನ್ನೊಂದು 25 ಎಂದಿಟ್ಟುಕೊಂಡರೆ ಉಳಿಯುವುದು ಅರ್ಧ ಎಕರೆ, 18 ನಿವೇಶನ. 'ಕಂದಾಯ ನಿವೇಶನ' ಅಗ್ಗವಾಗಿ ಸಿಗುವುದೇಕೆಂದರೆ ಅದನ್ನು ಮಾರುವವನು ಉದ್ಯಾನವನ್ನೂ ಆಟದ ಬಯಲನ್ನೂ ಕೂಡ ಮಾರಿಬಿಟ್ಟಿರುತ್ತಾನೆ.

ಕಾನೂನಿನ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. ಮುಖತ್ಯಾರ ಪತ್ರದ ಮೂಲಕ, ಎಂದರೆ ಜಿ.ಪಿ.ಎ. ಮೇಲೆ, ನಿವೇಶನ ಮಾರುವ ವಾಡಿಕೆ ಬಹಳ ಕಾಲ ನಡೆದುಬಂದಿತ್ತು. ಅದರಿಂದ ಸ್ವಾಮ್ಯ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿತು. ಸ್ವಾಮ್ಯವೇ ಇಲ್ಲದ ನೆಲಕ್ಕೆ ಮೇಲೆ ಹೇಳಿದ ಬಾಡಿಗೆಯ ಸೂತ್ರವನ್ನು ಎಷ್ಟು ಜಾಣತನದಿಂದ ಹಚ್ಚಿದರೂ ಉತ್ತರ ಸೊನ್ನೆ.

ನೀರಿನ ವಿಷಯವನ್ನು ನಮ್ಮ ಪಠ್ಯಕ್ರಮಗಳು ಮರೆತೇಬಿಡುವ ಸಂಭವವಿದೆ. ಧರ್ಮಾಂಬುಧಿ ಕೆರೆಯ ಪಾತ್ರದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಪಾತ್ರದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳು ಗ್ರಾಮನಕ್ಷೆಯಲ್ಲಿ ನೀಲಿ ಗೆರೆಗಳಾಗಿ ಉಳಿದಿದ್ದು, ನೆಲದ ಮೇಲೆ ಎಷ್ಟೋ ಕಡೆ ಗೋಡೆಗಳ ಕೆಳಗೆ ಹೂತುಹೋಗಿವೆ. ಭಾರಿ ಮಳೆ ಬಂದಾಗ ನೀರು ಹಳೆಯ ನಕ್ಷೆಯನ್ನೇ ಅನುಸರಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಸಿರಿವಂತ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತಂದುದನ್ನು ವಾಚಕರು ಕಂಡಿದ್ದಾರೆ. ಅಂಥ ಮನೆಯೊಂದರ ಬೆಲೆಯನ್ನು ಕಟ್ಟುವಾಗ ಆ ನೀಲಿ ಗೆರೆಯನ್ನು ನೋಡದವನನ್ನು ಮೌಲ್ಯನಿರ್ಧಾರಕನೆಂದು ಕರೆಯಲು ನಮಗೆ ಮನಸ್ಸು ಬಾರದು.

ಹೊಸ ಕಾಲೇಜನ್ನು ಕಟ್ಟಬೇಕೆಂದು ನಾವು ಕೇಳುತ್ತಿಲ್ಲ. ಅರ್ಥಶಾಸ್ತ್ರ, ಸಿವಿಲ್ ಇಂಜಿನಿಯರಿಂಗ್, ಕಾನೂನು, ಭೂವಿಜ್ಞಾನ, ಈ ನಾಲ್ಕು ವಿಭಾಗಗಳ ಅಧ್ಯಾಪಕರು ಕಲೆತು ನಡೆಸುವ ಎರಡು ವರ್ಷದ ಒಂದು ಸ್ನಾತಕೋತ್ತರ ತರಗತಿ ಬೆಂಗಳೂರಿನ ಯಾವುದಾದರೊಂದು ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಗಲಿ. ಶುಲ್ಕ ರೈತನ ಮಗನಿಗೂ ಎಟುಕುವಂತಿರಲಿ. ನಗರದ ಅಂಚಿನ ಹಳ್ಳಿಗಳ ನೆಲ ಮಾರಾಟವಾಗುವಾಗ ಮೇಜಿನ ಆ ಬದಿಯಲ್ಲಿಯೂ ಲೆಕ್ಕ ಬಲ್ಲವನೊಬ್ಬ ಕುಳಿತಿರಬೇಕು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಕೊಳ್ಳಬಹುದಾದ ಮೇಲಂತೂ ಇದು ಇನ್ನಷ್ಟು ಅಗತ್ಯವಾಗಿದೆ.

ಪಾಠ ಕನ್ನಡದಲ್ಲಿಯೂ ನಡೆಯಬೇಕು. ಇದನ್ನು ಭಾಷಾಭಿಮಾನದ ಮಾತೆಂದು ಯಾರೂ ತಳ್ಳಿಹಾಕಬಾರದು. ಪಹಣಿ ಇರುವುದು ಕನ್ನಡದಲ್ಲಿ, ಗ್ರಾಮನಕ್ಷೆಯ ಹೆಸರುಗಳು ಕನ್ನಡದಲ್ಲಿ; ಚಕ್ಕುಬಂದಿ, ಖರಾಬು, ಪೋಡಿ, ಹಿಡುವಳಿ ಈ ಮಾತುಗಳಿಗೆ ಇಂಗ್ಲಿಷಿನಲ್ಲಿ ಸರಿಸಾಟಿಯಿಲ್ಲ. ಇಂಗ್ಲಿಷ್ ಪುಸ್ತಕದಿಂದ ಅಲೊನ್ಸೊನ ಸಿದ್ಧಾಂತವನ್ನು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವನು ಹೊಸಕೋಟೆ ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿಯ ಹನ್ನೊಂದನೆಯ ಕಲಮನ್ನು ಓದಲಾರದೆ ಪಕ್ಕದವನ ಮುಖ ನೋಡುವಂತಾದರೆ, ಆ ಪಕ್ಕದವನು ಬಹುಮಟ್ಟಿಗೆ ದಲ್ಲಾಳಿಯೇ ಆಗಿರುತ್ತಾನೆ.